ಕಾಲಿಲ್ಲದ ಸೂಪು

ನಮ್ಮ ಕಡೆ ಸೂಪು ಅಂದರೆ ಒಂದೇ ಅರ್ಥ. ಕುರಿಯ ಕಾಲನ್ನು ಸುಟ್ಟು, ಹೆರೆದು, ಮೆಣಸು ಬೆಳ್ಳುಳ್ಳಿ ಜಜ್ಜಿ ಹಾಕಿ, ಮೂಳೆಯ ಸಾರವೆಲ್ಲ ಇಳಿಯುವ ತನಕ ಕುದಿಸಿದ ನೀರು. ಮೂಳೆ ಮುರಿದವರಿಗೆ ಅದನ್ನು ಕುಡಿಸುತ್ತಾರೆ, ಬಾಣಂತಿಗೆ ಕುಡಿಸುತ್ತಾರೆ. ಬ್ರೆಡ್ಡಿನ ಕಥೆಯೂ ಹೀಗೆಯೇ. ಅದು ಜ್ವರ ಬಂದವರ ತಿಂಡಿ. ಯಾರಾದರೂ ಬ್ರೆಡ್ಡಿನ ಪೊಟ್ಟಣ ಹಿಡಿದು ಬಸ್ಸಿಳಿದರೆ ಸಾಕು, ಮನೆ ಸೇರುವುದರೊಳಗೆ 'ಯಾರ್ಗೆ ಉಸಾರಿಲ್ಲ?' ಎಂದು ಬೀದಿಯವರೆಲ್ಲ ಕೇಳಿಬಿಡುತ್ತಿದ್ದರು. ಈ ಎರಡನ್ನೂ ಮೈಯಲ್ಲಿ ಒಂದು ಕಾಯಿಲೆಯೂ ಇಲ್ಲದೆ, ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಬರೀ ಖುಷಿಗೆ ತಿನ್ನುವ ಜನ ಇದ್ದಾರೆ ಎಂದು ನನಗೆ ಗೊತ್ತಾದದ್ದು ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಶ್ರೀರಂಗಪಟ್ಟಣದಲ್ಲಿ. ಆಗ ನನಗೆ ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಊಟ ಬಿಟ್ಟು ಸಾಯಲು ಕೂತಿದ್ದ ಅತ್ತೆಯನ್ನು ಕೈಹಿಡಿದು ನಡೆಸಿಕೊಂಡು ಬರುತ್ತಿದ್ದೆ.

ನಮ್ಮೂರು ಗೋವಿಂದನಹಳ್ಳಿಗೆ ಹತ್ತಿರ, ಕೆ.ಆರ್. ಪೇಟೆ ತಾಲ್ಲೂಕು. ಅತ್ತೆ ಕೊಟ್ಟಿಗೆಯಲ್ಲಿ ಹಾಲು ಕರೆದು ಏಳುವಾಗ ಜಾರಿ ಬಿದ್ದು ಎಡಗೈ ಮುರಿದುಕೊಂಡಿದ್ದರು. ಕೈಗೆ ಪಟ್ಟಿ ಹಾಕಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಊರಿಗೆ ಊರೇ ಬಾಗಿಲಲ್ಲಿ ನಿಂತು ಒಂದೇ ಮಂತ್ರ ಹೇಳತೊಡಗಿತು: 'ಕಾಲ್ ಸೂಪು ಕುಡ್ಸಿ, ಕಾಲ್ ಸೂಪು ಕುಡ್ಸಿ.' ಆದರೆ ಅತ್ತೆ ಮಾಂಸ ಬಿಟ್ಟವರು. ನನ್ನ ಗಂಡ ಚಿಕ್ಕವನಿದ್ದಾಗ ಜ್ವರ ಬಂದು ಬದುಕುವುದಿಲ್ಲ ಅನ್ನುವ ಹಾಗೆ ಆಗಿತ್ತಂತೆ. ಆಗ ಗೋವಿಂದನಹಳ್ಳಿಯ ಐದು ಲಿಂಗದ ಮುಂದೆ ನಿಂತು, 'ನನ್ ಕೂಸ್ನ ಉಳಿಸ್ಕೊಡಪ್ಪ, ಈ ಬಾಯಿಗೆ ಇನ್ ಮಾಂಸ ಇಕ್ಕಾಕಿಲ್ಲ' ಅಂದುಕೊಂಡಿದ್ದರು. ಕೂಸು ಉಳಿಯಿತು, ಬೆಳೆಯಿತು, ಮೀಸೆ ಬಿಟ್ಟಿತು, ನನ್ನನ್ನು ಮದುವೆಯಾಯಿತು. ಅತ್ತೆಯ ಲೆಕ್ಕದಲ್ಲಿ ಒಂದು ಗುಟುಕು ಕಾಲು ಸೂಪು ಕುಡಿದರೆ ದೇವರು ಕೊಟ್ಟ ಮಗನನ್ನು ವಾಪಸ್ ಕೇಳುತ್ತಾನೆ.

'ನನ್ ಕೈ ಓದ್ರೆ ಓಗ್ಲಿ ಬುಡ್ರಿ. ನನ್ ಮಗ ಇರ್ಲಿ' ಎಂದು ಬಂದವರಿಗೆಲ್ಲ ಹೇಳಿ ಕಳಿಸಿದರು.

ಆ ಮಗ ಮಾಡಿದ ಘನಕಾರ್ಯ ಕೇಳಿ. ಪೇಟೆಯಿಂದ ಡಬ್ಬಿಯಲ್ಲಿ ಕಾಲು ಸೂಪು ತಂದು, ನಾನು ನೀರಿಗೆ ಹೋಗಿದ್ದ ಹೊತ್ತಿನಲ್ಲಿ ಅತ್ತೆಯ ರಾಗಿ ಗಂಜಿಗೆ ಬೆರೆಸಿಟ್ಟ. ನನಗೇನು ಗೊತ್ತು? ಬಂದವಳೇ ಗಂಜಿಯ ಬಟ್ಟಲು ತೆಗೆದುಕೊಂಡು ಹೋಗಿ ಅತ್ತೆಯ ಕೈಗೆ ಕೊಟ್ಟೆ. ಅವರು ಬಾಯಿಗಿಟ್ಟುಕೊಂಡವರು ಹಾಗೇ ನಿಂತರು. ಅಂಗಳಕ್ಕೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ, ನೆಟ್ಟಗೆ ಬಂದು ಮಗನ ಹಣೆ ಮುಟ್ಟಿ ನೋಡಿದರು, ಜ್ವರ ಬಂತೇನೋ ಎಂದು. ಆಮೇಲೆ ನನ್ನ ಕಡೆ ತಿರುಗಿದರು.

'ನೀನೂ ಸೇರ್ಕಂಡ್ಯಾ ಅಮ್ಮಿ?'

'ದೇವ್ರಾಣೆಗೂ ನಂಗೊತ್ತಿಲ್ಲ ಅತ್ತೆ!' ಅಂದೆ. ಅವರು ನಂಬಲಿಲ್ಲ. ಬಟ್ಟಲು ಕೊಟ್ಟ ಕೈ ನನ್ನದಲ್ಲವೇ. ನಾನು ಗಂಡನ ಮೇಲೆ ಹಾರಿಬಿದ್ದೆ: 'ನಿಮ್ ಬುದ್ಧಿಗಿಷ್ಟು ಬೆಂಕಿ ಆಕ! ಮಾಡೋದ್ ನೀವು, ಅನ್ನಿಸ್ಕೊಳೋದ್ ನಾನಾ?' ಅವನು ತಲೆ ಬಗ್ಗಿಸಿ ನಿಂತಿದ್ದ. 'ಅವ್ವ ಉಳೀಲಿ ಅಂತ ಮಾಡ್ದೆ ಕಣೆ' ಅಂದ, ಅದೂ ಸುಳ್ಳಲ್ಲ. ನನಗೆ ಅಳು ಬಂತು, ಸಿಟ್ಟಿಗೋ ಸಂಕಟಕ್ಕೋ ಗೊತ್ತಿಲ್ಲ.

ಅವತ್ತಿನಿಂದ ಅತ್ತೆ ನಾನು ಕೊಟ್ಟದ್ದನ್ನೆಲ್ಲ ಮೂಸತೊಡಗಿದರು. ಮುದ್ದೆ ಮೂಸುವರು, ಅನ್ನ ಮೂಸುವರು, ಮೂಸಿ ಪಕ್ಕಕ್ಕೆ ಸರಿಸುವರು. ಕಣ್ಣೆದುರೇ ಕೆತ್ತಿದ ಎಳನೀರನ್ನೂ ಮೂಸಿ, ನನ್ನ ಮುಖ ನೋಡಿ, ಆಮೇಲೆ ಬಾಯಿಗಿಡುವರು. ಎಳನೀರು, ಮಜ್ಜಿಗೆ, ಅಷ್ಟೇ. ಬರಬರುತ್ತ ಹಸಿವೇ ಸತ್ತು, ಬಾಯಿ ರುಚಿ ಕೆಟ್ಟು, ಅದೂ ಸೇರದಾಯಿತು. ತುಂಬಿದ ಮೈಯ ಹೆಂಗಸು, ಬಳೆ ಮೊಣಕೈಯವರೆಗೆ ಜಾರುವ ಹಾಗೆ ಇಳಿದುಹೋದರು. ಸೊಸೆಯ ಕೈಯ ಅನ್ನ ನಂಬದೆ ಸತ್ತಳು ಅಂತ ಊರು ಆಡಿಕೊಳ್ಳುವುದು ಬೇರೆ ಮಾತು, ನನಗೆ ಆ ಮುದುಕಿ ಬೇಕಾಗಿತ್ತು. ಬೈದು ಬೈದೇ ನನಗೆ ಅಡುಗೆ ಕಲಿಸಿದವರು ಅವರು.

ಪಟ್ಟಿ ಬಿಚ್ಚಿಸಲು ಮೈಸೂರಿಗೆ ನಾನೇ ಕರೆದುಕೊಂಡು ಹೋದೆ. ಗಂಡನಿಗೆ ಅವ್ವನ ಮುಂದೆ ನಿಲ್ಲುವ ಧೈರ್ಯ ಇರಲಿಲ್ಲ. ಡಾಕ್ಟರು ಕೈ ಕೂಡಿದೆ ಅಂದರು. ಆಮೇಲೆ ಅತ್ತೆಯ ಕಣ್ಣಿನ ರೆಪ್ಪೆ ಎಳೆದು ನೋಡಿ, ನನ್ನ ಕಡೆ ತಿರುಗಿ, 'ಹೊಟ್ಟೆಗೆ ಏನೂ ಹೋಗ್ತಿಲ್ಲ. ಹೀಗೇ ಆದ್ರೆ ಅಡ್ಮಿಟ್ ಮಾಡಿ ಮೂಗಿಗೆ ಪೈಪ್ ಹಾಕಬೇಕಾಗುತ್ತೆ, ಆದ್ರೂ ಈ ವಯಸ್ಸಿಗೆ ಹೇಳೋಕಾಗಲ್ಲ. ಬ್ರೆಡ್ ಕೊಡಿ, ಸೂಪ್ ಕೊಡಿ' ಅಂದರು. ಸೂಪ್ ಅಂದದ್ದೇ ತಡ, ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ನಾನು ಹಣೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆಗೆ ತಲೆ ಸುತ್ತು ಬಂತು. ಶ್ರೀರಂಗಪಟ್ಟಣದಲ್ಲಿ ಇಳಿಸಿಕೊಂಡೆ. ಸುಧಾರಿಸಿಕೊಂಡು ಪಾಂಡವಪುರದ ಬಸ್ಸು ಹಿಡಿದರಾಯಿತು ಎಂದು ನೆರಳು ಹುಡುಕುತ್ತ ಕೋಟೆಯ ಕಡೆ ಹೆಜ್ಜೆ ಹಾಕಿದೆವು. ಒಂದು ಹೆಂಚಿನ ಮನೆ, ತಣ್ಣನೆಯ ಜಗಲಿ, ಗೋಡೆಗೆ ಒರಗಿಸಿದ ಕಪ್ಪು ಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ 'ಸೂಪು, ಸ್ಯಾಂಡ್‌ವಿಚ್ ಸಿಗುತ್ತದೆ' ಎಂದು ಬರೆದಿತ್ತು. ಸ್ಯಾಂಡ್‌ವಿಚ್ ಅಂದರೆ ಬ್ರೆಡ್ಡಿನದು ಎಂದು ಹೈಸ್ಕೂಲಿನ ಇಂಗ್ಲಿಷ್ ಪಾಠದಲ್ಲಿ ಓದಿದ್ದೆ. ಸೂಪು ಇದೆ, ಬ್ರೆಡ್ಡು ಇದೆ. ಸರಿ, ನರ್ಸಿಂಗ್ ಹೋಮೇ ಸೈ. ಸದ್ಯ, ತಲೆ ಸುತ್ತಿದ ಹೆಂಗಸನ್ನು ಸರಿಯಾದ ಜಾಗಕ್ಕೇ ತಂದೆ ಅಂದುಕೊಂಡೆ.

ಒಳಗೆ ಮರದ ಮೇಜು, ಮರದ ಕುರ್ಚಿಗಳು, ಕಿಟಕಿಯಲ್ಲಿ ತುಳಸಿ ಗಿಡ. ಒಂದು ಮೂಲೆಯಲ್ಲಿ ಕೋಟೆ ನೋಡಲು ಬಂದ ಬಿಳಿಯ ದಂಪತಿ ಬಟ್ಟಲಿನಿಂದ ಏನನ್ನೋ ಚಮಚದಲ್ಲಿ ಕುಡಿಯುತ್ತಿದ್ದರು. ಅತ್ತೆ ಅಷ್ಟು ಹತ್ತಿರದಲ್ಲಿ ಬಿಳಿಯರನ್ನು ನೋಡಿದ್ದು ಅದೇ ಮೊದಲು.

'ಅಯ್ಯೋ ಪಾಪ, ಎಂಗ್ ಬಿಳಿಚ್ಕೊಂಡವ್ರೆ ನೋಡಮ್ಮಿ' ಎಂದು ನನ್ನ ಕಿವಿಯಲ್ಲಿ ಅಂದರು. 'ಗಂಡ ಎಂಡ್ತಿ ಇಬ್ರಿಗೂ ಬಂದ್ಬುಟ್ಟದೆ ಕಾಯ್ಲೆ.'

ಒಳಗಿನಿಂದ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕೈ ಒರೆಸಿಕೊಳ್ಳುತ್ತ ಬಂದರು. ನಾನು ಕೇಳಿದೆ: 'ಡಾಕ್ಟ್ರು ಒಳ್ಗವ್ರಾ?'

'ಯಾವ ಡಾಕ್ಟ್ರಮ್ಮ?'

'ಇದು ನರ್ಸಿಂಗ್ ಹೋಂ ಅಲ್ವಾ?'

ಆಕೆ ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು, ಬಿಳಿಯ ದಂಪತಿಯನ್ನು ನೋಡಿದರು. ನಗು ತಡೆಯಲಾಗದೆ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಹಿತ್ತಲಲ್ಲಿ ಮರಕ್ಕೆ ಉಜ್ಜುಗೊರಡು ಹಾಕುತ್ತಿದ್ದ ಅವರ ಯಜಮಾನರು, 'ಏನಂತೆ?' ಎಂದು ಕೇಳಿ, ವಿಷಯ ತಿಳಿದು, 'ಇವತ್ತಿಂದ ನಾನೂ ಡಾಕ್ಟ್ರೇ ಕಣೆ, ಬೋರ್ಡ್ ಬರ್ಸು' ಅಂದರು. ನನಗೆ ನಾಚಿಕೆಯಾಗಿ ಮುಖ ಕಾವೇರಿತು. ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದರು: ಅವರು ಮರಗೆಲಸದ ಆಚಾರ್ರ ಮನೆಯವರು. ಜನ ರೆಡಿ ಬಾಗಿಲು, ಪ್ಲಾಸ್ಟಿಕ್ ಕುರ್ಚಿ ಕೊಳ್ಳತೊಡಗಿದ ಮೇಲೆ ಕೆಲಸ ಕಡಿಮೆಯಾಯಿತು. ಯಜಮಾನರು ಮಿಕ್ಕ ಮರದಲ್ಲಿ ಮೇಜು ಕುರ್ಚಿ ಮಾಡಿ ಮನೆಯ ಮುಂದಿನ ಕೋಣೆಗೆ ಹಾಕಿದರು, ಈಕೆ ಒಲೆ ಹಚ್ಚಿದರು. ಬಂದವರು ಸೂಪು ಕುಡಿದು, ಸ್ಯಾಂಡ್‌ವಿಚ್ ತಿಂದು, ಹೊತ್ತು ಕಳೆದು ಹೋಗುತ್ತಾರೆ.

'ಕಾಯ್ಲೆ ಇಲ್ದೋರು?' ಅಂದೆ.

'ಕಾಯ್ಲೆ ಇಲ್ದೋರೇ ಕಣಮ್ಮ, ಕಲ್ಲುಗುಂಡಿನಂಗೆ ಇರೋರು' ಅಂದರು ಆಕೆ. ನಾನು ಬಾಯಿ ಬಿಟ್ಟುಕೊಂಡು ಆ ಕೋಣೆಯನ್ನೆಲ್ಲ ಇನ್ನೊಮ್ಮೆ ನೋಡಿದೆ.

ಆಕೆ ಅತ್ತೆಯ ಬಾಡಿದ ಮುಖ ನೋಡಿ, 'ಅಕ್ಕಾ, ನಿಮ್ಗೊಂದ್ ಬಟ್ಲು ಬಿಸಿ ಸೂಪು ತರ್ಲಾ?' ಅಂದದ್ದೇ, ಅತ್ತೆ ಎದ್ದು ನಿಂತರು.

'ನಡಿಯಮ್ಮಿ. ಇಲ್ಲೂ ಅದೇಯ.'

'ಬರೀ ತರಕಾರಿದು ಅಕ್ಕಾ! ನಾವ್ ಮಾಂಸ ಮುಟ್ಟೋರಲ್ಲ.'

'ನಮ್ಮನೇಲೂ ಗಂಜಿ ಅಂತ್ಲೇ ಕೊಟ್ರು' ಅಂದರು ಅತ್ತೆ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ವಾಸಿ ಇತ್ತು, ಅಷ್ಟು ಚುಚ್ಚಿತು ನನಗೆ.

ಕಾಲಿಲ್ಲದ ಸೂಪು ಅನ್ನುವುದು ನನಗೂ ನಂಬುವ ಮಾತಾಗಿರಲಿಲ್ಲ. ಆದರೆ ಆ ಹೆಂಗಸೂ ಸುಮ್ಮನಿರುವವರಲ್ಲ. ಸೊಂಟಕ್ಕೆ ಕೈಕೊಟ್ಟು, 'ಬನ್ನಿ ಅಕ್ಕಾ ಒಳೀಕೆ. ಒಲೆ ನೋಡಿ, ಪಾತ್ರೆ ನೋಡಿ, ಆಮ್ಯಾಕೆ ಮಾತಾಡಿ' ಅಂದರು. ಅತ್ತೆ ಹೋಗಿಯೇ ಹೋದರು. ಬಸ್ಸಿನಲ್ಲಿ ನೆಟ್ಟಗೆ ಕೂರಲಾರದ ಹೆಂಗಸು ಪರರ ಅಡುಗೆಮನೆಗೆ ನುಗ್ಗಿ, ಒಂದೊಂದು ಮುಚ್ಚಳವನ್ನೂ ಎತ್ತಿ ಇಣುಕಿದರು. ಅಷ್ಟಕ್ಕೂ ಬಿಡದೆ, 'ಕಸದ್ ಬುಟ್ಟಿ ಎಲ್ಲಿ?' ಅಂದರು. ನಾನು ಭೂಮಿಗೆ ಇಳಿದುಹೋದೆ. ಆಕೆ ತುಟಿ ಬಿಗಿ ಹಿಡಿದು ಬುಟ್ಟಿಯನ್ನು ತಂದು ಮುಂದಿಟ್ಟರು. ಅತ್ತೆ ಕುಕ್ಕರಗಾಲಲ್ಲಿ ಕೂತು, ಬಲಗೈಯಲ್ಲಿ ಕೆದಕಿದರು. ಕುಂಬಳಕಾಯಿ ಸಿಪ್ಪೆ, ಕ್ಯಾರೆಟ್ಟಿನ ಜುಟ್ಟು, ಹುರುಳಿಕಾಯಿ ನಾರು, ಟೊಮ್ಯಾಟೋ ತೊಟ್ಟು. ಒಂದು ಚೂರು ಮೂಳೆ ಇಲ್ಲ.

ಒಲೆಯ ಪಕ್ಕದಲ್ಲಿ ಬೆಂದ ತರಕಾರಿಯನ್ನು ಮಸೆದು ಜಾಲರಿಯಲ್ಲಿ ಬಸಿಯಲು ಇಟ್ಟಿದ್ದರು. ಕೆಂಪಗೆ, ಗಟ್ಟಿಯಾಗಿ ಕೆಳಗಿನ ಪಾತ್ರೆಗೆ ಇಳಿಯುತ್ತಿತ್ತು. ಅತ್ತೆ ಅದನ್ನೇ ನೋಡುತ್ತ ನಿಂತರು.

'ಬಸೀತವ್ರೆ ಕಣಮ್ಮಿ' ಅಂದರು. 'ಲೇ, ಇದು ನಮ್ ಬಸ್ಸಾರಿನ ಕಟ್ಟಲ್ವಾ!'

ಸೊಪ್ಪು ಕಾಳು ಬೇಯಿಸಿ, ನೀರು ಬಸಿದು, ಆ ಕಟ್ಟಿನಲ್ಲಿ ಸಾರು ಮಾಡುವುದು ನಮ್ಮ ಮನೆಯಲ್ಲಿ ದಿನನಿತ್ಯದ ಕೆಲಸ. ಆ ಬಿಸಿ ಕಟ್ಟನ್ನು ಒಗ್ಗರಣೆಗೆ ಮೊದಲೇ ಲೋಟದಲ್ಲಿ ಬಗ್ಗಿಸಿಕೊಂಡು ಕುಡಿಯುವುದು ಅತ್ತೆಯ ಚಟ. ಇಷ್ಟು ದಿನ ಅವರು ಸೂಪನ್ನೇ ಕುಡಿಯುತ್ತಿದ್ದರು, ನಾವು ಅದಕ್ಕೆ ಆ ಹೆಸರಿಟ್ಟಿರಲಿಲ್ಲ.

ಮೇಜಿನ ಮೇಲೆ ಬಿಳಿಯ ಪಿಂಗಾಣಿ ಬಟ್ಟಲು ಬಂತು. ಹಬೆಯಾಡುವ ಕೆಂಪು, ನಡುವೆ ಕರಗುವ ಬೆಣ್ಣೆ, ಮೇಲೆ ಮೆಣಸಿನ ಪುಡಿ, ತುಪ್ಪದಲ್ಲಿ ಹುರಿದ ಬ್ರೆಡ್ಡಿನ ಚೂರು. ಸೂಪನ್ನು ಹೀಗೆ ಸಿಂಗಾರ ಮಾಡುತ್ತಾರೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅತ್ತೆ ಚಮಚವನ್ನು ಅತ್ತ ಸರಿಸಿ, ಬಟ್ಟಲನ್ನೇ ಎತ್ತಿ, ಕಣ್ಣು ಮುಚ್ಚಿ ಮೂಸಿದರು. ಎಷ್ಟು ಹೊತ್ತು ಮೂಸಿದರೋ. ನಾನು ಗೋವಿಂದನಹಳ್ಳಿಯ ಐದು ಲಿಂಗಕ್ಕೂ ಕೈ ಮುಗಿದೆ. ಆಮೇಲೆ ಬಟ್ಟಲು ತುಟಿಗೆ ಹೋಯಿತು. ಗಂಟಲು ಒಮ್ಮೆ ಏರಿ ಇಳಿಯಿತು. ಇನ್ನೊಮ್ಮೆ ಏರಿ ಇಳಿಯಿತು. ಕನ್ನಂಬಾಡಿ ಕಟ್ಟೆಯ ಬಾಗಿಲು ತೆಗೆದು ನೀರು ಧುಮ್ಮಿಕ್ಕಿದಾಗಲೂ ನಾನು ಹಾಗೆ ಬೆರಗಾಗಿ ನೋಡಿದವಳಲ್ಲ. ಕಣ್ಣಲ್ಲಿ ನೀರು ತಾನಾಗಿಯೇ ಇಳಿಯಿತು.

'ಅಳ್ತೀಯ ಯಾಕೆ? ಕಾರ ಇಲ್ಲ, ಉಳಿ ಇಲ್ಲ, ಆದ್ರೂ ಚಂದಾಗದೆ' ಅನ್ನುತ್ತ ಅತ್ತೆ ತಮ್ಮ ಸೆರಗಿನಲ್ಲಿ ನನ್ನ ಕಣ್ಣು ಒರೆಸಿದರು.

ಮೂಲೆಯ ಬಿಳಿಯ ಹೆಂಗಸು ಇದನ್ನೆಲ್ಲ ನೋಡುತ್ತಿದ್ದಳು. ಅವಳೂ ಚಮಚ ಕೆಳಗಿಟ್ಟು, ಬಟ್ಟಲನ್ನೆತ್ತಿ ಅತ್ತೆಯ ಹಾಗೆ ಸೊರ್ರೆಂದು ಕುಡಿದು ನಕ್ಕಳು. ಅತ್ತೆ ಅವಳಿಗೆ ತಲೆಯಾಡಿಸಿ, 'ನೋಡು, ಪಾಪ, ಅವಳ್ಗೂ ಬಾಯ್ ರುಚಿ ಬಂತು' ಅಂದರು.

ಸ್ಯಾಂಡ್‌ವಿಚ್ಚಿನ ಬೆರಗು ಬೇರೆಯೇ. ಎರಡು ಬ್ರೆಡ್ಡಿನ ನಡುವೆ ಆಲೂಗೆಡ್ಡೆ ಪಲ್ಯ ಇಟ್ಟು, ಉದ್ದ ಹಿಡಿಯ, ಇಕ್ಕಳದಂಥ ಒಂದು ಅಚ್ಚಿನಲ್ಲಿ ಅಮುಕಿ, ಆಕೆ ಅದನ್ನು ಒಲೆಯ ಉರಿಗೇ ಹಿಡಿದರು. ಅಚ್ಚು ಬಿಚ್ಚಿದರೆ, ಅಂಚೆಲ್ಲ ಕೂಡಿಕೊಂಡು, ಹೊಂಬಣ್ಣ ಬಂದು, ಕಡುಬಿನ ಹಾಗೆ ಮುಚ್ಚಿಕೊಂಡುಬಿಟ್ಟಿದೆ! ಜ್ವರದ ಬ್ರೆಡ್ಡು ಇದೇನಾ? ಕಚ್ಚಿದರೆ ಕರುಂ ಅಂತ ಸದ್ದು.

'ಒಲ್ಗೆ ಇಲ್ಲ, ದಾರ ಇಲ್ಲ, ಎಂಗ್ ಅಂಟ್ಕಂತಮ್ಮಿ?' ಎಂದು ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೂಲೆ ಮುರಿದು ಮೂಸಿದರು, ತಿಂದರು, ಮತ್ತೆ ಮುರಿದರು. ಹಸಿದ ಹೆಂಗಸು ತಿನ್ನುವ ಹಾಗೆ ತಿಂದರು. ಹೊರಡುವಾಗ ಅತ್ತೆ ಆಕೆಯ ಗಲ್ಲ ಸವರಿ, 'ಕಸದ್ ಬುಟ್ಟಿ ಕೆದಕಿದ್ಕೆ ಬೇಜಾರ್ ಮಾಡ್ಕಬ್ಯಾಡ ಕಣವ್ವಾ' ಅಂದರು. 'ಬುಡಿ ಅಕ್ಕಾ, ನನ್ ಅಡ್ಗೆಮನೆ ಇಷ್ಟ್ ಚೊಕ್ಕಟವಾಗಿ ಯಾರೂ ನೋಡಿಲ್ಲ' ಅಂದರು ಆಕೆ. ನಾನು ಮಾಡುವ ಬಗೆ ಕೇಳಿಕೊಂಡೆ.

ಬಸ್ಸು ಪಾಂಡವಪುರ ದಾಟಿದ ಮೇಲೆ ಅತ್ತೆ ಕೇಳಿದರು: 'ಅದ್ನ ಮನೇಲಿ ಮಾಡಾಕಾಯ್ತದಾ?'

'ಆಯ್ತದೆ ಅತ್ತೆ' ಅಂದೆ. ಅಂದದ್ದೇನೋ ಅಂದೆ. ಹೊರಗಿನವರ ಕೈಯಲ್ಲಿ ತಿಂದಿದ್ದಾರೆ, ಸರಿ. ದಿನಾ ಶ್ರೀರಂಗಪಟ್ಟಣಕ್ಕೆ ಬರಲಾದೀತೆ? ನಾಳೆಯಿಂದ ಅವರು ಬದುಕಬೇಕಾದದ್ದು ಅದೇ ಮನೆಯಲ್ಲಿ, ಅದೇ ಬಟ್ಟಲಿನಲ್ಲಿ, ನನ್ನ ಕೈಯಿಂದಲೇ.

ಮನೆಗೆ ಬಂದವಳೇ ಒಲೆ ಹಚ್ಚಿದೆ. ಟೊಮ್ಯಾಟೋ, ಕುಂಬಳಕಾಯಿ, ಒಂದು ಹಿಡಿ ಹೆಸರುಕಾಳು. ಬೇಯಿಸಿ, ಮಸೆದು, ಬಸಿದು, ಮೆಣಸು ಕುಟ್ಟಿ ಹಾಕಿ, ನಮ್ಮ ಎಮ್ಮೆಯದೇ ಬೆಣ್ಣೆ ಬಿಟ್ಟೆ. ಅತ್ತೆ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು, ಒಲೆಯ ಕಡೆ ಬರಲಿಲ್ಲ, ಇಣುಕಲಿಲ್ಲ. ಗಂಡ ಬಾಗಿಲ ಹೊರಗೆ ನಿಂತು ಒಳಗೆ ಬರಲೋ ಬೇಡವೋ ಅನ್ನುತ್ತಿದ್ದ. ನಾನು ಬಟ್ಟಲು ಕೊಟ್ಟೆ.

ಗಂಡನಿಗೆ ತಡೆಯಲಾಗಲಿಲ್ಲ. ಬಾಗಿಲಿಂದಲೇ, 'ಬೇಕಾರೆ ಮೂಸ್ನೋಡವ್ವ, ಏನೂ ಬೆರ್ಸಿಲ್ಲ' ಅಂದ.

ಅತ್ತೆ ಬಟ್ಟಲು ಹಿಡಿದು ಅವನ ಕಡೆ ತಿರುಗಿದರು. 'ಮಾಡ್ದೋಳು ಅವಳು ಕಣ್ಲಾ, ಮೂಸಾದ್ ಯಾಕೆ?' ಅಂದು, ಬಟ್ಟಲನ್ನು ನೇರ ಬಾಯಿಗಿಟ್ಟುಕೊಂಡರು.