ಪಾಲಮ್ಮ ಹೇಳಿ ಬರೆಸಿದ ನಕ್ಷೆ

ಹಿರಿಯೂರು ತಾಲ್ಲೂಕಿನ ಧರ್ಮಪುರದಾಚೆ, ಆಂಧ್ರದ ಗಡಿಗೆ ಹತ್ತಿರದ ಒಂದು ಸಣ್ಣ ಊರು ಪಾಲಮ್ಮನದು. ತಾಯಿಯ ತಮ್ಮನನ್ನೇ ಮದುವೆಯಾದವಳು. ಆ ಸೀಮೆಗೆ ಅದು ಹೊಸದೇನಲ್ಲ; ಅವಳ ತಾಯಿಯೂ ಸೋದರಮಾವನನ್ನೇ ಕಟ್ಟಿಕೊಂಡಿದ್ದಳು.

ದೊಡ್ಡ ಮಗ ಆರು ವರ್ಷದವನಿದ್ದಾಗ ಒಂದು ದಿನ ಶಾಲೆಯ ಮೆಟ್ಟಿಲ ಮುಂದೆ ನಿಂತುಬಿಟ್ಟ. ಹತ್ತಲು ಆಗಲಿಲ್ಲ. ನೆಲದ ಮೇಲೆ ಕೂತರೆ ತೊಡೆಗೆ ಕೈಯೂರಿ, ತನ್ನ ಮೈಯನ್ನೇ ತಾನು ಹತ್ತುವವನಂತೆ ಏಳುತ್ತಿದ್ದ. ಹತ್ತು ತುಂಬುವಷ್ಟರಲ್ಲಿ ನಡೆಯುವುದು ನಿಂತಿತು. ಹದಿನಾರಕ್ಕೆ ತೀರಿಕೊಂಡ. ಅವನನ್ನು ಮಣ್ಣು ಮಾಡಿದ ವರ್ಷವೇ ಎರಡನೆಯವನು ಗಿರೀಶ ತೊಡೆಗೆ ಕೈಯೂರಿ ಏಳತೊಡಗಿದ. ಕೊನೆಯವಳು ಬಿಂದು ಮಾತ್ರ ಅಂಗಳದ ತುಂಬ ಓಡಾಡಿಕೊಂಡಿದ್ದಳು.

ಗಿರೀಶನ ನಡಿಗೆಯೂ ನಿಲ್ಲುವ ಹೊತ್ತಿಗೆ ಊರಿನಲ್ಲಿ ಇಂಥ ಮಕ್ಕಳು ಇನ್ನೂ ನಾಲ್ಕು ಮನೆಯಲ್ಲಿದ್ದರು. ಉಪಕೇಂದ್ರದ ನರ್ಸ್ ಅನುಸೂಯ ಅವರ ಹೆಸರುಗಳನ್ನೆಲ್ಲ ಬರೆದು ಬೆಂಗಳೂರಿಗೆ ಕಳಿಸಿದಳು. ಮೂರು ತಿಂಗಳ ಮೇಲೆ ಡಾಕ್ಟರ್ ಪ್ರಸನ್ನಕುಮಾರ್ ಜೀಪಿನಲ್ಲಿ ಬಂದರು. ವಂಶದಲ್ಲಿ ಇಳಿದುಬರುವ ಕಾಯಿಲೆಗಳನ್ನು ಅಭ್ಯಾಸ ಮಾಡುತ್ತಿದ್ದ ವೈದ್ಯರು ಅವರು. ಜಗಲಿಯ ಮೇಲೆ ದೊಡ್ಡ ಹಾಳೆ ಹರಡಿ, ಯಾರಿಗೆ ಯಾರು ಏನಾಗಬೇಕೆಂದು ಕೇಳಿದರು. ಹಿರಿಯರು ಒಬ್ಬೊಬ್ಬರು ಒಂದೊಂದು ಹೇಳಿ ಜಗಳಕ್ಕೆ ನಿಂತರು. ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಪಾಲಮ್ಮ ತಲೆಯೆತ್ತದೆ ಹೇಳಿದಳು: "ಬೋರಯ್ಯಂಗೆ ಇಬ್ರು ಹೆಂಡ್ರು. ಚಿಕ್ಕೋಳ ಮಗಳನ್ನ ದೊಡ್ಡೋಳ ತಮ್ಮಂಗೆ ಕೊಟ್ರು. ಅಲ್ಲಿಂದ ಬರ್ಕಳ್ರಿ."

ಡಾಕ್ಟರು ಮೂರು ದಿನ ಅವಳ ಎದುರೇ ಕೂತರು. ಅಕ್ಷರ ಬಾರದ ಪಾಲಮ್ಮನ ಬಾಯಲ್ಲಿ ಆರು ತಲೆಮಾರು ಇದ್ದವು. ಅವರು ಗಂಡಿಗೆ ಚೌಕ, ಹೆಣ್ಣಿಗೆ ದುಂಡು ಬರೆದರು. ಕಾಯಿಲೆ ಇದ್ದವರಿಗೆ ಕಪ್ಪು ತುಂಬಿದರು. ಹುಟ್ಟಿ ಎಂಟೇ ದಿನಕ್ಕೆ ಹೋದ ತನ್ನದೊಂದು ಹೆಣ್ಣುಕೂಸನ್ನೂ ಸೇರಿಸಬೇಕೆಂದು ಪಾಲಮ್ಮ ಹಟ ಹಿಡಿದಳು. ಅವರು ಸಣ್ಣ ದುಂಡು ಬರೆದು ಮೇಲೊಂದು ಗೆರೆ ಎಳೆದರು. ಅದರ ಪಕ್ಕದಲ್ಲಿ ಎರಡು ಕಪ್ಪು ಚೌಕ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಮಕ್ಕಳೂ ಸೇರಿ ಮೂವತ್ತೊಂದು ಜನರ ರಕ್ತ ತೆಗೆದರು. ಒಪ್ಪಿಗೆಯ ಕಾಗದಕ್ಕೆ ದೊಡ್ಡವರೆಲ್ಲ ಸಹಿ ಹಾಕಿದರು, ಪಾಲಮ್ಮ ಹೆಬ್ಬೆಟ್ಟು ಒತ್ತಿದಳು.

"ಇದಕ್ಕೆ ಸದ್ಯ ಔಷಧಿ ಇಲ್ಲ, ತಾಯಿ. ಕಾರಣ ಮಾತ್ರ ಹುಡುಕ್ತೀವಿ," ಎಂದರು ಡಾಕ್ಟರು.

ಹೋದವರು ಮತ್ತೆ ಬರಲಿಲ್ಲ. ನಾಲ್ಕು ವರ್ಷಕ್ಕೆ ಗಿರೀಶ ಹೋದ, ಅವನ ಹಿಂದೆಯೇ ಪಾಲಮ್ಮನ ಗಂಡನೂ. ಬಿಂದು ಹಿರಿಯೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬಂದು ಓದು ಮುಗಿಸುವ ಹಂತಕ್ಕೆ ಬಂದಳು. ಆಗ ಪಾಲಮ್ಮನ ಅಣ್ಣ ಓಬಯ್ಯ ತನ್ನ ಮಗ ಮಲ್ಲೇಶನಿಗೆ ಅವಳನ್ನು ಕೇಳಿದ. ಹಿರಿಯೂರಿನಲ್ಲಿ ಬೋರ್‌ವೆಲ್ ಮೋಟರು ರಿಪೇರಿಯ ಅಂಗಡಿ ಇಟ್ಟಿದ್ದ ಹುಡುಗ, ಸೌಮ್ಯ ಸ್ವಭಾವ. ಬಿಂದುವಿಗೂ ಅವನ ಮೇಲೆ ಮನಸ್ಸಿತ್ತು. ವೀಳ್ಯಶಾಸ್ತ್ರ ಆಯಿತು.

ಅದೇ ತಿಂಗಳು ಅನುಸೂಯ ಚಿತ್ರದುರ್ಗಕ್ಕೆ ಒಂದು ತರಬೇತಿಗೆ ಹೋಗಿದ್ದಳು. ವಂಶದ ಕಾಯಿಲೆಗಳ ಬಗ್ಗೆ ಪಾಠ ಮಾಡುತ್ತಿದ್ದವರು ಗೋಡೆಯ ಮೇಲೆ ಒಂದು ಲೇಖನದ ಚಿತ್ರ ತೋರಿಸಿದರು. ಇದು ಬಹಳ ಹೆಸರಾದ ಸಂಶೋಧನಾ ಲೇಖನ, ಮುನ್ನೂರಕ್ಕೂ ಹೆಚ್ಚು ಲೇಖನಗಳಲ್ಲಿ ಇದನ್ನು ಉಲ್ಲೇಖಿಸಿದ್ದಾರೆ, ಇದರ ಆಧಾರದ ಮೇಲೆ ಬೇರೆ ಬೇರೆ ದೇಶಗಳಲ್ಲಿ ರಕ್ತಪರೀಕ್ಷೆ ನಡೆಯುತ್ತಿದೆ ಎಂದರು. ಅನುಸೂಯಳ ಕಣ್ಣು ಚಿತ್ರದ ಕೆಳಮೂಲೆಗೆ ಹೋಯಿತು. ಎರಡು ಕಪ್ಪು ಚೌಕ, ಗೆರೆ ಎಳೆದ ಸಣ್ಣ ದುಂಡು, ಅದರಾಚೆ ಇನ್ನೊಂದು ದುಂಡು. ಆ ಕೊನೆಯ ದುಂಡು ಅರ್ಧ ಕಪ್ಪಾಗಿತ್ತು.

ಲೇಖನದ ಪ್ರತಿ ಮಾಡಿಸಿಕೊಂಡು ಅವಳು ಬಸ್ಸಿಳಿದವಳೇ ಪಾಲಮ್ಮನ ಮನೆಗೆ ಬಂದಳು. ಹೆಸರುಗಳಿರಲಿಲ್ಲ, ಬರೀ ಅಂಕಿ. ಆದರೂ ಪಾಲಮ್ಮ ಬೆರಳಿಟ್ಟುಕೊಂಡು ಹೋದಳು. "ಇದು ನಮ್ಮಜ್ಜಿ. ಇದು ನಮ್ಮಣ್ಣ. ಇವು ನನ್ನ ಹುಡುಗ್ರು." ಬೆರಳು ನಿಂತಿತು. "ಬಿಂದೂಗೆ ಯಾಕೆ ಅರ್ಧ ಕಪ್ಪು ಬಳಿದವ್ರೆ, ಅನುಸೂಯಮ್ಮ?"

"ಕಾಯಿಲೆ ಇಲ್ಲ, ಅದ್ರ ದೋಷ ಮೈಯಾಗೆ ಐತೆ ಅಂತ. ಅವ್ಳಿಗೆ ಏನೂ ಆಗಲ್ಲ. ಆದ್ರೆ ಗಂಡ ಆಗೋನಿಗೂ ಅದೇ ದೋಷ ಇದ್ರೆ, ಮಕ್ಳಿಗೆ ಬರ್ಬಹುದು."

ಪಾಲಮ್ಮನ ಬೆರಳು ಅಣ್ಣನ ಸಾಲಿಗೆ ಸರಿದು, ಮಲ್ಲೇಶನ ಚೌಕದ ಮೇಲೆ ಕೂತಿತು. ಅದೂ ಅರ್ಧ ಕಪ್ಪು.

ವಾರದೊಳಗೆ ಪಾಲಮ್ಮ, ಅನುಸೂಯ ಇಬ್ಬರೂ ಬೆಂಗಳೂರಿಗೆ ಹೋದರು. ಪ್ರಸನ್ನಕುಮಾರ್ ಈಗ ದೊಡ್ಡ ಪ್ರೊಫೆಸರು, ತಲೆ ನೆರೆತಿತ್ತು. ಗುರುತು ಹಿಡಿದು ಎದ್ದು ನಿಂತರು. ಪಾಲಮ್ಮ ಕೂರಲಿಲ್ಲ. ಹಾಳೆ ಬಿಚ್ಚಿ ಮೇಜಿನ ಮೇಲಿಟ್ಟಳು.

"ಇದು ನಿಮ್ಗೆ ಯಾವಾಗ ಗೊತ್ತಾತು ಸ್ವಾಮಿ?"

"ಏಳು ವರ್ಷ ಆಯ್ತು."

"ನಮ್ಗೆ ಯಾಕೆ ಹೇಳ್ಲಿಲ್ಲ?"

ಸಂಶೋಧನೆಗೆ ಕೊಟ್ಟ ರಕ್ತದ ಫಲಿತಾಂಶವನ್ನು ಒಬ್ಬೊಬ್ಬರಿಗೂ ತಿಳಿಸುವುದಿಲ್ಲ ಎಂದು ಆ ಕಾಗದದಲ್ಲಿ ಬರೆದಿತ್ತು, ಅದೇ ಆಗಿನ ನಿಯಮವಾಗಿತ್ತು ಎಂದು ಅವರು ಹೇಳಲು ಹೊರಟು ಅರ್ಧಕ್ಕೇ ಬಿಟ್ಟರು. ಅವಳ ಹೆಬ್ಬೆರಳ ಕಡೆ ನೋಡಿದರು.

"ಮುನ್ನೂರು ಜನ ಇದನ್ನ ಓದವ್ರಂತೆ," ಎಂದಳು ಪಾಲಮ್ಮ. "ಅಷ್ಟು ಜನದಾಗೆ ಒಬ್ರೂ ನಮ್ಮೂರಿಗೆ ಬಂದು ಓದಿ ಹೇಳ್ಲಿಲ್ವಲ್ಲ. ನನ್ನ ಮಗಳ ಮದ್ವೆ ಗೊತ್ತಾಗೈತೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಪ್ಪು ನನ್ನದು ತಾಯಿ. ಬರಬೇಕಾಗಿತ್ತು. ಬರಲಿಲ್ಲ."

ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಅವಳು ಇನ್ನೊಂದು ಮಾತು ಕೇಳಿದಳು. "ಇದ್ರಿಂದ ಯಾರಿಗಾದ್ರೂ ಒಳ್ಳೇದಾತಾ?"

ದೂರದ ದೇಶವೊಂದರ ದಂಪತಿಯ ಸುದ್ದಿ ಹೇಳಿದರು ಡಾಕ್ಟರು. ಅವರ ಮೊದಲ ಮಗುವಿನ ಕಾಯಿಲೆ ಏನೆಂದು ಯಾರಿಗೂ ತಿಳಿದಿರಲಿಲ್ಲ. ಈ ಲೇಖನ ಓದಿದ ಅಲ್ಲಿನ ವೈದ್ಯರು ಕಾರಣ ಹಿಡಿದರು. ಎರಡನೆಯ ಸಲ ಬಸುರಿನಲ್ಲೇ ಪರೀಕ್ಷೆ ಮಾಡಿಸಿದರು. ಆ ಮಗು ಚೆನ್ನಾಗಿದೆ.

"ಮೊದಲ್ನೇದು?"

"ನಡೆಯಲ್ಲ."

ಪಾಲಮ್ಮ ಆಗ ಕೂತಳು. ಸೆರಗನ್ನು ಬಾಯಿಗೆ ಹಿಡಿದು, ಆ ಕಾಣದ ತಾಯಿಗಾಗಿಯೋ ತನಗಾಗಿಯೋ, ಅತ್ತಳು.

ಬಿಂದು, ಮಲ್ಲೇಶ ಹೊಸದಾಗಿ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿದಾಗಲೂ ಫಲಿತಾಂಶ ಅದೇ ಬಂತು. ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಬಸುರಿನಲ್ಲೇ ಪರೀಕ್ಷೆ ಮಾಡಿಸುವ ದಾರಿಯೂ ಉಂಟು ಎಂದು ಡಾಕ್ಟರು ಬಿಂದುವಿಗೂ ಮಲ್ಲೇಶನಿಗೂ ಬಿಡಿಸಿ ಹೇಳಿದರು. ಮಲ್ಲೇಶ ಆ ದಾರಿಗೆ ಒಪ್ಪಿದ್ದ. ಮೂರನೆಯ ದಿನ ಬಿಂದು ಅವನಿಗೆ ಹೇಳಿದಳು: "ಗಿರೀಶಣ್ಣನ್ನ ಎತ್ಕೊಂಡು ಬಚ್ಚಲಿಗೆ ಹೋಗ್ತಿದ್ದೋಳು ನಾನು, ಬಾವ. ಪ್ರತಿ ಸಲ ಆ ಫಲಿತಾಂಶ ಕಾಯೋಕೆ ನನ್ನ ಕೈಲಾಗಲ್ಲ." ಮಲ್ಲೇಶ ಒತ್ತಾಯ ಮಾಡಲಿಲ್ಲ; ಮದುವೆ ನಿಂತಿತು.

ಓಬಯ್ಯ ಕೆರಳಿದ. "ನಮ್ಮ ಮನೆ ರಕ್ತ ಕೆಟ್ಟೈತೆ ಅಂತ ಊರೂರು ಸಾರ್ಕಂಡು ಬಾ ಹೋಗು," ಎಂದು ತಂಗಿಯ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟ.

ಪಾಲಮ್ಮ ನಿಜಕ್ಕೂ ಊರೂರು ತಿರುಗಿದಳು. ಡಾಕ್ಟರು ಈಗ ತಿಂಗಳಿಗೊಮ್ಮೆ ಬರುತ್ತಿದ್ದರು. ನಕ್ಷೆಯ ಅಂಕಿಗಳಿಗೆ ಮನೆ ತೋರಿಸುವವಳು ಅವಳೇ. ರಕ್ತ ಕೊಟ್ಟವರಲ್ಲಿ ಕೆಲವರು ಹೊಸದುರ್ಗ, ಹೊಳಲ್ಕೆರೆಯ ಕಡೆ ಮದುವೆಯಾಗಿ ಹೋಗಿದ್ದರು. ಅಲ್ಲಿಗೂ ಬಸ್ಸು ಹತ್ತಿದಳು. ಕೇಳಿದವರಿಗೆ ಮಾತ್ರ ಹೇಳುವುದು, ಒಬ್ಬರದನ್ನು ಇನ್ನೊಬ್ಬರ ಮುಂದೆ ಬಾಯಿಬಿಡದಿರುವುದು ಎಂದು ಅವಳೇ ಡಾಕ್ಟರಿಗೆ ಷರತ್ತು ಹಾಕಿದ್ದಳು. ಎರಡು ಮನೆಯವರು ಬಾಗಿಲು ತೆಗೆಯಲಿಲ್ಲ. ಒಬ್ಬಳು ಹಾದಿಯಲ್ಲಿ ಉಗಿದಳು.

ಫಲಿತಾಂಶವನ್ನು ಊರಿಗೆ ಹಿಂತಿರುಗಿಸಿದ ಬಗ್ಗೆ ಡಾಕ್ಟರು ಇನ್ನೊಂದು ಲೇಖನ ಬರೆದರು. ಅದರಲ್ಲಿ ಪಾಲಮ್ಮನ ಹೆಸರು ಹಾಕಬೇಕೆಂದು ಕೇಳಿದಾಗ ಅವಳು ಬೇಡವೆಂದಳು. "ನನ್ನ ಹೆಸರು ಹಿಡ್ಕಂಡು ನಮ್ಮ ಹೆಣ್ಮಕ್ಳನ್ನ ಹುಡುಕ್ತಾರೆ, ಸಂಬಂಧ ತಪ್ತಾವೆ. ಮೊದ್ಲು ಇವ್ರು ಮದ್ವೆ ಆಗ್ಲಿ."

ಬಿಂದುವಿಗೆ ಭರಮಸಾಗರದ ಹುಡುಗನೊಬ್ಬ ಗೊತ್ತಾದ. ಎಲ್ಲ ತಿಳಿದೇ ಅವನು ರಕ್ತ ಕೊಟ್ಟ, ದೋಷವಿರಲಿಲ್ಲ. ಆ ಮದುವೆಗೆ ಓಬಯ್ಯ ಬರಲಿಲ್ಲ, ಮಲ್ಲೇಶ ಬಂದು ಊಟ ಬಡಿಸಿದ.

ಮರುವರ್ಷ ಕಡಲೆಕಾಯಿ ಕೀಳುವ ಹೊತ್ತಿಗೆ ಓಬಯ್ಯ ಒಂದು ಬೆಳಿಗ್ಗೆ ಕಿರಿಯ ಮಗಳು ಕಾವ್ಯಳನ್ನು ಕರೆದುಕೊಂಡು ಉಪಕೇಂದ್ರಕ್ಕೆ ಬಂದ. ಕಾವ್ಯಳಿಗೆ ನೆಂಟರಲ್ಲೇ ಸಂಬಂಧ ಕೇಳುತ್ತಿದ್ದರು. ಅಲ್ಲಿ ತಂಗಿಯನ್ನು ಕಂಡು ಬಾಗಿಲಲ್ಲೇ ನಿಂತ.

"ಬಾ ಅಣ್ಣ, ಕುಂತ್ಕ," ಎಂದಳು ಪಾಲಮ್ಮ.

"ಸೂಜಿ ಚುಚ್ಚಿದ್ರೆ ಹುಡುಗಿಗೆ ನೋಯ್ತೈತಾ?"

"ಇರುವೆ ಕಚ್ಚಿದಂಗೆ."

ಕಾವ್ಯ ತೋಳು ಚಾಚಿದಳು. ಅನುಸೂಯ ರಕ್ತ ತೆಗೆಯುವವರೆಗೂ ಓಬಯ್ಯ ಗೋಡೆಯ ಕಡೆ ಮುಖ ಮಾಡಿದ್ದ. ಆಮೇಲೆ, ತಂಗಿಯತ್ತ ತಿರುಗದೆಯೇ, ತನ್ನದೂ ತೆಗೆಯಿರೆಂದು ಅಂಗಿಯ ತೋಳು ಮೇಲೇರಿಸಿದ.