ಮಗ್ಗದ ಕುಣಿಯಲ್ಲಿ ಹೀರೆಬಳ್ಳಿ

ಯುಗಾದಿಯ ಆಸುಪಾಸಿನಲ್ಲಿ ಅಕಾಲದ ಅಡ್ಡಮಳೆ ಬಂತೆಂದರೆ ಗುಳೇದಗುಡ್ಡದ ನಮ್ಮ ಓಣಿಯ ಹೆಂಗಸರೆಲ್ಲ ಒಣಹಾಕಿದ ಸಂಡಿಗೆ, ಶಾವಿಗೆ ಬಾಚಿಕೊಂಡು ಒಳಗೆ ಓಡುತ್ತಿದ್ದರು. ಪಕ್ಕದ ಮನೆಯ ಈರವ್ವ ಚಿಗವ್ವ ಮಾತ್ರ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಹೊರಗೆ ಓಡುತ್ತಿದ್ದಳು. ಹಿತ್ತಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಹಸಿ ಮಣ್ಣಿನಲ್ಲಿ ಬೆರಳೊತ್ತಿ ಒಂದೊಂದೇ ಬೀಜ ಇಡುತ್ತಿದ್ದಳು. ಮುಖದ ತುಂಬ ನಗು. ನಾನು ಗೋಡೆಯ ಈಚೆಯಿಂದ ಬೈಯುತ್ತಿದ್ದೆ.

“ನಿನ್ನ ಸಂಡಿಗಿ ತೊಯ್ದು ಮುದ್ದಿ ಆಗ್ಯಾವ, ಚಿಗವ್ವ. ಇದೇನು ಬಿತ್ತೋ ಕಾಲೇನು?”

“ಸಂಡಿಗಿ ಮತ್ತ ಮಾಡಾಕ ಬರ್ತೈತಿ. ಈ ಮಳಿ ಮತ್ತ ಮಾಡ್ತೀ ಏನು ನೀ?” ಅನ್ನುತ್ತಿದ್ದಳು.

ನಾನು ಖಣದ ಕುಬಸ ಹೊಲಿಯುವವಳು. ಚಿಗವ್ವನ ಗಂಡ ಬಸಪ್ಪ ಕಾಕಾ ಖಣ ನೇಯುವವನು. ಅವನು ನೇಯ್ದ ಖಣ ನನ್ನ ಮಷೀನಿಗೆ ಬಂದು, ಕತ್ತರಿಸಿ ಉಳಿದ ತುಂಡುಗಳು ಚಿಗವ್ವನ ಮನೆಗೆ ವಾಪಸು ಹೋಗುತ್ತಿದ್ದವು. ಅವುಗಳಲ್ಲಿ ಆಕೆ ಬೀಜ ಗಂಟು ಕಟ್ಟಿಡುತ್ತಿದ್ದಳು. ಹಸಿರು ತುಂಡಿನಲ್ಲಿ ಹೀರೆ, ಕೆಂಪಿನಲ್ಲಿ ಅವರೆ, ಬದನೆ ಬಣ್ಣದ್ದರಲ್ಲಿ ಏನು ಅಂತ ಆಕೆಗೊಬ್ಬಳಿಗೇ ಗೊತ್ತು. ಓದಲು ಬರೆಯಲು ಬಾರದ ಹೆಂಗಸು, ಒಂದು ಬೀಜ ತಪ್ಪಿದ್ದನ್ನೂ ನಾನು ನೋಡಿಲ್ಲ.

ಕಾಕಾನಿಗೆ ಲಕ್ವಾ ಹೊಡೆದದ್ದು ಎರಡು ವರ್ಷದ ಹಿಂದೆ. ಬಲಗೈ, ಬಲಗಾಲು ಎರಡೂ ಹೋದವು. ಕುಣಿಮಗ್ಗ ಅಂದರೆ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ತುಳಿಯುವ ಮಗ್ಗ. ಹಾಸಿಗೆಗೆ ಜಾಗ ಬೇಕೆಂದು ಮಗ್ಗದ ಕಟ್ಟಿಗೆ ಬಿಚ್ಚಿ ಅಟ್ಟಕ್ಕೆ ಹಾಕಿದರು. ಕುಣಿ ಮಾತ್ರ ಪಡಸಾಲೆಯ ನಡುವೆ ಬಾಯಿ ತೆರೆದುಕೊಂಡು ಉಳಿಯಿತು. ಕಾಕಾ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಈ ಕಡೆ ತಿರುಗಲೇ ಇಲ್ಲ. ಊಟಕ್ಕೆ ಎಬ್ಬಿಸಿದರೆ ಎರಡು ತುತ್ತು, ಅಷ್ಟೇ. ಅವನು ಒಮ್ಮೆ ತಿರುಗಿ ಹೊಟ್ಟೆ ತುಂಬ ಉಂಡರೆ ಸಾಕು, ಚಿಗವ್ವನಿಗೆ ಬೇರೆ ಏನೂ ಬೇಕಿರಲಿಲ್ಲ.

ಆಗ ಆ ಮಾತು ಆಡಿದವಳು ನಾನು. ಕುಣಿಯ ಮೇಲೆಯೇ ಬೆಳಕಿಂಡಿ ಇತ್ತು. “ಆ ಖಾಲಿ ಕುಣಿ ನೋಡಲಾರದ ಕಾಕಾ ಗ್ವಾಡಿ ಕಡೆ ತಿರುಗ್ಯಾನ. ಅದರಾಗ ಮಣ್ಣ ತುಂಬಿ ಬಳ್ಳಿ ಹಚ್ಚು. ಹಸಿರ ಕಂಡ್ರ ಈ ಕಡೆ ತಿರುಗ್ತಾನ” ಅಂದೆ. ಚಿಗವ್ವನ ಕಣ್ಣು ಅರಳಿದವು. ಉಣ್ಣದೆ ಸೊರಗಿದ್ದ ಕಾಕಾನನ್ನು ಬಾಗಲಕೋಟೆಯ ದವಾಖಾನೆಗೆ ಸೇರಿಸಿ, ಆಕೆಯ ತಮ್ಮನನ್ನು ಅವನ ಬಳಿ ಬಿಟ್ಟು ಬಂದ ಆ ಎಂಟು ಹತ್ತು ದಿನದಲ್ಲಿ ನಾವಿಬ್ಬರೂ ಬುಟ್ಟಿಯಲ್ಲಿ ಮಣ್ಣು ಹೊತ್ತೆವು. ಮರುದಿನವೇ ಅಡ್ಡಮಳೆ. ಬೆಳಕಿಂಡಿಯ ಮುಚ್ಚಳ ಸರಿಸಿ ಮಳೆಯನ್ನು ಮನೆಯೊಳಗೆ ಬಿಟ್ಟುಕೊಂಡು ಹೀರೆ ಬೀಜ ಊರಿದಳು. ಕಾಕಾ ಬರುವ ಹೊತ್ತಿಗೆ ಎರಡೆರಡು ಎಲೆ ಬಂದಿದ್ದವು. ಎಳೆ ಹುಡುಗಿಯಂತೆ ಚಪ್ಪಾಳೆ ಹೊಡೆದಳು.

ಕಾಕಾನನ್ನು ಎತ್ತಿ ತಂದು ಕೂರಿಸಿದಾಗ ಅವನು ಆ ಸಸಿಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ತೊದಲುತ್ತ ಕೇಳಿದ: “ಈರಿ, ನಾ ಇನ್ನ ಕಾಲ ಎಲ್ಲಿಡ್ಲಿ?”

ಮತ್ತೆ ಗೋಡೆಯ ಕಡೆ ತಿರುಗಿದ. ಎರಡು ತುತ್ತೂ ನಿಂತವು. ಇನ್ನೊಂದು ದಿನ ಮಗ್ಗದ ಮೇಲೆ ಕೂಡುತ್ತೇನೆ ಅಂತ ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಎಂಬುದು ನಮಗೆ ಹೊಳೆದೇ ಇರಲಿಲ್ಲ. ಅವನಿಗೆ ಉಳಿದಿದ್ದ ಒಂದೇ ಆಸೆಯ ಮೇಲೆ ನಾವು ಮಣ್ಣು ಹಾಕಿದ್ದೆವು.

ಮರುದಿನ ಮಧ್ಯಾಹ್ನ ಮಳೆ ಸುರಿಯುತ್ತಿರುವಾಗಲೇ ಚಿಗವ್ವ ಕುಣಿಯ ಮಣ್ಣು ತೆಗೆಯಲು ಕೂತಳು. “ನಾಕು ಸಸಿ ಮೂಲ್ಯಾಗರ ಇರ್ಲಿ” ಅಂದೆ. “ಒಂದೂ ಬ್ಯಾಡ” ಅಂದಳು. ಕಿತ್ತ ಸಸಿಗಳನ್ನು ಹಿತ್ತಲಿನಲ್ಲಿ ಊರಿದಳು, ಒಂದೂ ಬದುಕಲಿಲ್ಲ. ಕುಣಿ ಖಾಲಿಯಾದ ಮೇಲೆ ಕಾಕಾನನ್ನು ದಂಡೆಯ ಮೇಲೆ ಕೂರಿಸಿ, ಕಾಲು ಒಳಗೆ ಇಳಿಬಿಟ್ಟೆವು. ಅವನ ಎಡಗಾಲು ತುಳಿಯುವ ಹಲಗೆಯನ್ನು ಹುಡುಕಿತು. ಹಲಗೆ ಅಟ್ಟದ ಮೇಲಿತ್ತು. ಅವತ್ತು ಅವನು ಅರ್ಧ ಬಟ್ಟಲು ಅಂಬಲಿ ಕುಡಿದ. ಹನ್ನೊಂದನೆಯ ದಿನ ತೀರಿಕೊಂಡ.

ಆಮೇಲೆ ಚಿಗವ್ವ ಹಿತ್ತಲಿಗೆ ಇಳಿಯಲಿಲ್ಲ. ಕಳೆದ ವರ್ಷ ಹೋಳಿ ಮುಗಿದ ವಾರ ಮಳೆ ಬಂದಾಗ ನಾನೇ ಗೋಣಿಚೀಲ ಹೊತ್ತು ಆಕೆಯ ಮನೆಗೆ ಹೋದೆ. ಹೊಸ್ತಿಲ ಬಳಿ ಕೂತಿದ್ದಳು, ಕೆನ್ನೆ ಬತ್ತಿದ್ದವು.

“ಶಾಂತಾ, ನಾ ಮಣ್ಣ ಹಾಕಲಾರದಿದ್ರ ಅವ್ರು ಇನ್ನಷ್ಟ ದಿನಾ ಇರ್ತಿದ್ರೇನು?”

“ಕಾಕಾನ ದಿನಾ ತುಂಬಿದ್ವು, ಚಿಗವ್ವ” ಅಂದೆ. ಮಣ್ಣು ಹಾಕು ಅಂದವಳು ನಾನು ಎಂಬ ಮಾತು ಮಾತ್ರ ಆಡಲಿಲ್ಲ. ಆಕೆಗೂ ಅದು ನೆನಪಿತ್ತು, ಒಮ್ಮೆಯೂ ಅನ್ನಲಿಲ್ಲ. ಒಳಗೆ ಹೋಗಿ ಬೀಜದ ಗಂಟುಗಳನ್ನೆಲ್ಲ ತಂದು ನನ್ನ ಉಡಿಯಲ್ಲಿ ಹಾಕಿದಳು.

“ಮಳಿ ಇನ್ನ ನಿಂತಿಲ್ಲ. ಹೋಗು, ಊರು.”

“ನೀನೂ ಬಾ.”

“ನಂಗ ಮಳಿ ಬಂದದ್ದ ತಿಳೀಲಿಲ್ಲವ್ವ.”

ನಾವು ಮಾತಾಡಿದ್ದು ಅದೇ ಕಡೆಯ ಸಲ. ಮರುವಾರ ಆಕೆಯ ತಮ್ಮ ತನ್ನೂರು ಗುಡೂರಿಗೆ ಕರೆದೊಯ್ದ. ದಸರೆಯೊಳಗೆ ಆಕೆ ತೀರಿದ ಸುದ್ದಿ ಬಂತು. ಆ ಮನೆಗೆ ಈಗ ಬಾಡಿಗೆಯವರು ಬಂದಿದ್ದಾರೆ. ಕುಣಿ ಮುಚ್ಚಿ ಫರ್ಸಿ ಕಲ್ಲು ಹಾಕಿಸಿಕೊಂಡಿದ್ದಾರೆ.

ಈ ಸಲ ಅಡ್ಡಮಳೆಗೆ ಗಂಟುಗಳನ್ನೆಲ್ಲ ಬಿಚ್ಚಿ ನನ್ನ ಹಿತ್ತಲಿನಲ್ಲಿ ಊರಿದೆ. ಮಳೆ ನಿಲ್ಲದೆ ಬಹಳಷ್ಟು ಕೊಳೆತವು. ಮೊನ್ನೆ ಮುಂಜಾನೆ, ಬದನೆ ಬಣ್ಣದ ಗಂಟಿನದು, ಒಂದೇ ಒಂದು ಎದ್ದಿತ್ತು. ಎರಡು ಎಲೆ. ಎಷ್ಟೋ ದಿನದ ಮೇಲೆ ಖುಷಿಯಾಗಿ, ಬಿಸಿಲು ಕಂಡು ಹಾಕಿದ್ದ ಸಂಡಿಗೆ ಮತ್ತೆ ಬಂದ ಮಳೆಗೆ ತೊಯ್ಯುತ್ತಿರುವುದನ್ನೂ ಮರೆತು, ಗೋಡೆಯ ಆಚೆಗೆ ಕೂಗಿಬಿಟ್ಟೆ.

“ಚಿಗವ್ವಾ, ಬಾ ಇಲ್ಲೆ, ಇದು ಏನು ಹೇಳು.”

ಗೋಡೆಯ ಮೇಲಿಂದ ಬಾಡಿಗೆಯವರ ಹೆಂಗಸು ಇಣುಕಿ, “ಯಾರ್ನ ಕರದ್ರಿ?” ಅಂದಳು.