ತೋಳದ ಬಿಲಕ್ಕೆ ದಾರಿ

ನಾಗಮಂಗಲದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜಿನ ಫೋಟೋ, ಇದೇ ಹೊಟ್ಟೆಪಾಡು. ಅದೇ ಅಂಗಡಿಯ ಇನ್ನೊಂದು ಮಗ್ಗುಲಲ್ಲಿ ಅಪ್ಪ ಅಕ್ಕಸಾಲಿಗೆಲಸ ಮಾಡುತ್ತಾರೆ. ಮಗಳು ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಕುರುಚಲು ಕಾಡು ಅಲೆಯುವುದು ಅವರಿಗೆ ಅಷ್ಟಾಗಿ ಹಿಡಿಸದಿದ್ದರೂ ಬೇಡವೆಂದವರಲ್ಲ. ಬೇಡವೆಂದಿದ್ದರೂ ನಾನು ಹೋಗುತ್ತಿದ್ದೆ.

ತೋಳವನ್ನು ಮೊದಲು ಕಂಡದ್ದು ಬಿಂಡಿಗನವಿಲೆಯ ಆಚೆ, ಮದುವೆಯೊಂದನ್ನು ಮುಗಿಸಿ ಬಸ್ಸಿಗೆ ಕಾಯುತ್ತಿದ್ದ ಇಳಿಹೊತ್ತಿನಲ್ಲಿ. ಹುರುಳಿ ಹೊಲದ ಬದುವಿನ ಮೇಲೆ ನಾಯಿ ನಿಂತಿದೆ ಅಂದುಕೊಂಡೆ. ಅದು ತಿರುಗಿ ನೋಡಿದಾಗ ನಾಯಿಯಲ್ಲವೆಂದು ಗೊತ್ತಾಯಿತು. ನಾಯಿ ಮನುಷ್ಯರನ್ನು ಏನೋ ಕೇಳುವಂತೆ ನೋಡುತ್ತದೆ. ಇದಕ್ಕೆ ನನ್ನಿಂದ ಏನೂ ಬೇಕಿರಲಿಲ್ಲ.

ಆಮೇಲೆ ಬಿಡುವಾದಾಗಲೆಲ್ಲ ಹೋದೆ. ಅಲ್ಲಿ ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬರ ಪರಿಚಯವಾಯಿತು. ಅಕ್ಕ ಎಂದೇ ಕರೆಯುತ್ತಿದ್ದೆ. ಆ ವರ್ಷ ಅವರ ಎರಡು ಕುರಿಮರಿಗಳನ್ನು ತೋಳ ಹೊತ್ತೊಯ್ದಿತ್ತು. ಆದರೂ ಬಂಡೆಗಳ ಸಂದಿನಲ್ಲಿದ್ದ ಬಿಲವನ್ನು ನನಗೆ ತೋರಿಸಿದವರು ಅವರೇ. ಊರಿನ ಕೆಲವರು ಬಿಲಕ್ಕೆ ಹೊಗೆ ಹಾಕುವ ಮಾತಾಡುತ್ತಿದ್ದರಂತೆ. ಒಳಗೆ ಮರಿಗಳಿರುವುದನ್ನು ಫೋಟೋದಲ್ಲಿ ಕಂಡರೆ ಅವರ ಮನಸ್ಸು ತಿರುಗಬಹುದೆಂದು ಅಕ್ಕ ನಂಬಿದ್ದರು.

ನಾಲ್ಕು ಮರಿಗಳು ತಾಯಿಯ ಹೊಟ್ಟೆಗೆ ಮೂತಿ ಒತ್ತಿಕೊಂಡಿದ್ದ ಚಿತ್ರ ಸಿಕ್ಕಿತು. ಅದನ್ನು ಮೊದಲು ಊರಿನವರಿಗೆ ತೋರಿಸಬೇಕಿತ್ತು. ನಾನು ಫೇಸ್‌ಬುಕ್ಕಿಗೆ ಹಾಕಿದೆ. ನಮ್ಮ ತಾಲ್ಲೂಕಿನಲ್ಲೂ ತೋಳವಿದೆ ಎಂಬ ಹೆಮ್ಮೆಗೆ ಊರಿನ ಹೆಸರನ್ನೂ ಬರೆದೆ.

ಅದನ್ನು ನೋಡಿ ಭಾನುವಾರ ಕ್ಯಾಮೆರಾ ಹಿಡಿದವರ ಜೀಪುಗಳು ಬಂದವು. ಹುರುಳಿ ಹೊಲದ ಮೇಲೇ ಹತ್ತಿಸಿದರು. ಮರಿಗಳು ಹೊರಗೆ ಬರಲೆಂದು ಬಿಲದ ಬಾಯಿಗೆ ಕಲ್ಲೆಸೆದರಂತೆ. ಬುಧವಾರ ನಾನು ಹೋದಾಗ ಬಿಲ ಖಾಲಿಯಾಗಿತ್ತು. ಹೊರಗೆ ಒಂದು ಮರಿ ಸತ್ತು ಬಿದ್ದಿತ್ತು, ಇರುವೆಗಳು ಮುತ್ತಿದ್ದವು.

ಅಕ್ಕ ಅಲ್ಲೇ ಬಂಡೆಯ ಪಕ್ಕ ನಿಂತಿದ್ದರು. "ಹೊಗೆ ಆಕೋರು ಇನ್ನೂ ಆಕಿರ್ಲಿಲ್ಲ ಕಣವ್ವ, ನೀನೇ ಮೊದ್ಲು ಆಕ್ಬುಟ್ಟೆ," ಅಂದರು.

ಆ ಮರಿಯ ಫೋಟೋವನ್ನೂ ತೆಗೆದುಕೊಂಡು ಮನೆಗೆ ಬಂದೆ. ಫೇಸ್‌ಬುಕ್ಕಿನಲ್ಲಿದ್ದುದನ್ನು ಅಳಿಸಿದೆ. ಇನ್ನಾದರೂ ಈ ಹುಚ್ಚು ಸಾಕೆಂದು ಹೇಳಿದವರು ಬಹಳ ಮಂದಿ. ನನಗೆ ಮಾತ್ರ ಹಾಗನ್ನಿಸಲಿಲ್ಲ. ಫೋಟೋದಿಂದ ಕೆಡಿಸಿದ್ದನ್ನು ಫೋಟೋದಿಂದಲೇ ಸರಿಮಾಡಬೇಕೆಂಬ ಹಟ ಹುಟ್ಟಿತು.

ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಆ ಊರಿನ ಹಾಲಿನ ಡೈರಿಯ ಗೋಡೆಗೆ ತೂಗುಹಾಕಿದೆ. ಸಂಜೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ನೋಡಲೇಬೇಕು. ಇಲಿ ಕಚ್ಚಿಕೊಂಡು ಹೋಗುತ್ತಿರುವ ತೋಳ, ಹಾಲೂಡಿಸುತ್ತಿರುವ ತೋಳ, ಕೊನೆಗೆ ಸತ್ತ ಮರಿ. ಅದು ಹೇಗೆ ಸತ್ತಿತು, ಅದರಲ್ಲಿ ನನ್ನ ಪಾಲೆಷ್ಟು ಎಂಬುದನ್ನು ಅವರೆದುರು ನಿಂತು ಹೇಳಿದೆ. ಒಬ್ಬಾತ, ನಿನಗೆ ಕುರಿಯಿದ್ದಿದ್ದರೆ ತಿಳಿಯುತ್ತಿತ್ತು ಅಂದ. ಅವನಿಗೆ ಉತ್ತರ ಕೊಟ್ಟದ್ದು ಅಕ್ಕ. ಈ ಊರಲ್ಲಿ ಹೆಚ್ಚು ಮರಿ ಕಳೆದುಕೊಂಡವಳು ತಾನು, ತಾನೇ ಹೊಗೆ ಹಾಕುವುದಿಲ್ಲ ಅನ್ನುವಾಗ ನಿನಗೇನು ಎಂದು ಕೇಳಿದರು. ಮಾರನೆಯ ದಿನ ಯಾರೋ ಚಿತ್ರಗಳನ್ನು ಕಿತ್ತು ಮೂಲೆಗೆ ಹಾಕಿದ್ದರು. ನಾನು ಮತ್ತೆ ಹಾಕಿದೆ. ಮತ್ತೆ ಕಿತ್ತರು, ಮತ್ತೆ ಹಾಕಿದೆ. ಮೂರನೆಯ ಸಲಕ್ಕೆ ಕಿತ್ತವರಿಗೇ ಬೇಸರವಾಯಿತೇನೋ, ಬಿಟ್ಟರು. ಅವೇ ಚಿತ್ರಗಳನ್ನು ಕೆ.ಆರ್. ಪೇಟೆ, ಪಾಂಡವಪುರದ ಶಾಲೆಗಳಿಗೂ ಹೊತ್ತುಕೊಂಡು ಹೋದೆ. ಯಾವ ಚಿತ್ರದ ಕೆಳಗೂ ಊರಿನ ಹೆಸರಿರಲಿಲ್ಲ.

ಮುಂದಿನ ಚಳಿಗಾಲ ತೋಳ ಬೇರೊಂದು ಕಡೆ ಮರಿ ಹಾಕಿತು. ಜಾಗ ಗೊತ್ತಿದ್ದದ್ದು ಅಕ್ಕನಿಗೆ ಮತ್ತು ನನಗೆ ಮಾತ್ರ. ಮರಿ ಹಾಕಿದ ಸುದ್ದಿ ಹೇಗೋ ಹಬ್ಬಿ, ನಮ್ಮ ಕಡೆಯ ಮುಖಂಡರೊಬ್ಬರು ದೊಡ್ಡ ಲೆನ್ಸಿನ ಅತಿಥಿಯೊಬ್ಬರನ್ನು ಕರೆದುಕೊಂಡು ಅಂಗಡಿಗೇ ಬಂದರು. ಅವರ ಮನೆಯ ಮದುವೆಗಳಿಗೆಲ್ಲ ಫೋಟೋ ತೆಗೆಯುತ್ತಿದ್ದವಳು ನಾನೇ.

"ಜಾಗ ತೋರ್ಸ್ಬುಡು ಅತ್ಲಾಗೆ. ನಮ್ಮೂರ್ಗೆ ಎಸ್ರು ಬತ್ತದೆ," ಅಂದರು.

ಆಗುವುದಿಲ್ಲ ಎಂದೆ. ಅತಿಥಿ ನಕ್ಕರು. ಮುಖಂಡರು ನಗಲಿಲ್ಲ, ಮುಂದಿನ ತಿಂಗಳ ಮದುವೆಯನ್ನು ನೆನಪಿಸಿದರು.

"ಮದ್ವೆಗೆ ಬೇರೆಯೋರ್ನ ಕರ್ಕೊಳಿ ಅಣ್ಣ. ಆ ಜಾಗ ನನ್ನ ಬಾಯಿಂದ ಬರಕಿಲ್ಲ."

ಅವರು ಅಪ್ಪನ ಕಡೆ ತಿರುಗಿದರು. ಅಪ್ಪ ಮೂಗುತಿಗೆ ಹರಳು ಕೂರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಅವ್ಳು ಯೋಳಾಕಿಲ್ಲ ಅಂದ್ಮೇಲೆ ಯೋಳಾಕಿಲ್ಲ ಕಣಪ್ಪ. ನನ್ಗೂ ಯೋಳಿಲ್ಲ," ಅಂದರು.

ಆ ಮದುವೆ ಕೈತಪ್ಪಿತು. ಅವರ ನೆಂಟರ ಮದುವೆಗಳೂ ತಪ್ಪಿದವು. ಆ ಇಬ್ಬರೂ ಅಕ್ಕನ ಹತ್ತಿರವೂ ಹೋಗಿದ್ದರು. ಅಕ್ಕ ಕೈತೋರಿಸಿದ ದಿಕ್ಕಿನಲ್ಲಿ ಮುಚ್ಚಿಹೋದ ಕಲ್ಲು ಕ್ವಾರಿ ಬಿಟ್ಟರೆ ಏನೂ ಇಲ್ಲ.

ಯುಗಾದಿಯ ಹೊತ್ತಿಗೆ ಮೂರು ಮರಿಗಳು ತಾಯಿಯ ಹಿಂದೆ ಬದು ದಾಟಿದ್ದನ್ನು ನೋಡಿದೆ. ಆ ಚಿತ್ರವೂ ಈಗ ಡೈರಿಯ ಗೋಡೆಯಲ್ಲಿದೆ. ಮೊನ್ನೆ ಮತ್ತೊಂದು ಕುರಿಮರಿ ಹೋಯಿತು. ಅದರ ಯಜಮಾನ ನನ್ನನ್ನು ಡೈರಿಯ ಮುಂದೆ ನಿಲ್ಲಿಸಿ ಬಾಯಿಗೆ ಬಂದಂತೆ ಬೈದ. ಅವನ ನೋವು ಸುಳ್ಳಲ್ಲ. ಪೂರ್ತಿ ಕೇಳಿಸಿಕೊಂಡೆ, ದೊಡ್ಡಿಗೆ ಮುಳ್ಳುಬೇಲಿ ಕಟ್ಟಲು ನಾಳೆ ಬರುತ್ತೇನೆ ಎಂದೆ. ಗೋಡೆಯಿಂದ ಚಿತ್ರ ಮಾತ್ರ ಇಳಿಸಲಿಲ್ಲ.